ಡಾಬಿನ ತೂಕ

ನನ್ನ ಅಕ್ಕನ ಅತ್ತೆಯ ದನಿಯನ್ನು ನಾನು ಆಕೆಗಿಂತ ಚೆನ್ನಾಗಿ ತೆಗೆಯುತ್ತೇನೆ. ಜಂಬವಲ್ಲ, ಸಾಕ್ಷಿ ಇದೆ. ಒಮ್ಮೆ ಫೋನಿನಲ್ಲಿ ಆಕೆಯ ಸ್ವಂತ ಮಗನೇ ಮೋಸ ಹೋಗಿ ನನ್ನನ್ನು ‘ಅವ್ವಾ’ ಎಂದು ಕರೆದು, ಎಮ್ಮೆಗೆ ಹಿಂಡಿ ಹಾಕಿದ್ದು, ಕಬ್ಬಿಗೆ ನೀರು ಬಿಟ್ಟಿದ್ದು ಎಲ್ಲದರ ವರದಿ ಒಪ್ಪಿಸಿದ್ದ. ಅವನು ಅಕ್ಕನ ಗಂಡ, ನನಗೆ ಮಾಮಾ. ತಾಯಿಯ ದನಿ ಕೇಳಿದರೆ ಸಾಕು, ಫೋನಿನ ಆಚೆಯೂ ಆ ಮನುಷ್ಯನ ಬೆನ್ನು ಬಾಗುತ್ತದೆ.

ಆ ದನಿ ಅರ್ಧ ಮೂಗಿನಿಂದ, ಅರ್ಧ ಗಂಟಲಿನಿಂದ ಬರುತ್ತದೆ. ಪ್ರತಿ ಮಾತಿನ ಕೊನೆಗೆ, ಬಾಯಲ್ಲಿರುವ ತಂಬಾಕನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸಾಗಿಸಲು ಒಂದು ಸಣ್ಣ ನಿಲುಗಡೆ. ಆ ನಿಲುಗಡೆಯಲ್ಲಿ ಎದುರಿಗಿದ್ದವರು ತಮ್ಮ ತಪ್ಪೇನು ಎಂದು ಯೋಚಿಸಬೇಕು. ತಪ್ಪು ಮಾಡದವರೂ ಯೋಚಿಸುತ್ತಾರೆ.

ಹೊಟ್ಟೆಪಾಡಿಗೆ ನಾನು ಮಾಡುವುದೂ ದನಿಯ ವ್ಯಾಪಾರವೇ. ಜೇವರ್ಗಿಯಲ್ಲಿ ಇದ್ದುಕೊಂಡು, ಆಗಾಗ ಅವ್ವನಿರುವ ಊರಿಗೆ ಹೋಗಿಬರುತ್ತ, ದೋಸ್ತನ ಆಟೋಕ್ಕೆ ಮೈಕು ಕಟ್ಟಿ ಊರೂರು ಪ್ರಚಾರ ಮಾಡುತ್ತೇನೆ. ನೆಲೋಗಿಯಲ್ಲಿ ಸೀರೆಯ ಸೇಲು, ಅಫಜಲಪುರದಲ್ಲಿ ಸ್ಟೀಲಿನ ಪಾತ್ರೆ, ಆಳಂದದಲ್ಲಿ ಹಲ್ಲಿನ ಡಾಕ್ಟರು. ಮಾಲು ಯಾರದಾದರೇನು, ಗಂಟಲು ನನ್ನದು. ದನಿ ಕೇಳಿದವರು ಒಳಗೆ ಯಾರೋ ಕಟ್ಟುಮಸ್ತಾದ ಗಂಡಸು ಕೂತಿದ್ದಾನೆಂದು ಬಗ್ಗಿ ನೋಡುತ್ತಾರೆ. ನೋಡಿದರೆ ಜೋಳದ ದಂಟಿಗೆ ಅಂಗಿ ತೊಡಿಸಿ ಕೂಡಿಸಿದ ಹಾಗೆ ನಾನು. ಒಬ್ಬ ಮುದುಕ, ‘ಇದರಾಗಿಂದ ಅಷ್ಟ ದೊಡ್ಡ ಆವಾಜ್ ಹ್ಯಾಂಗ ಬರ್ತದ?’ ಎಂದು ಆಟೋದ ಹಿಂದೆ ಹೋಗಿ ಇನ್ನೊಬ್ಬನನ್ನು ಹುಡುಕಿದ್ದೂ ಉಂಟು.

ಅಕ್ಕನೂ ನನ್ನದೇ ಅಚ್ಚು. ನರೋಣಾದ ನಮ್ಮ ಮನೆಯಲ್ಲಿ ಯಾರಿಗೂ ಮೈ ಹತ್ತುವುದಿಲ್ಲ. ಅವಳನ್ನು ಕರಜಗಿಗೆ ಕೊಟ್ಟಾಗ, ನೀರಾವರಿ ಹೊಲ, ಕಬ್ಬು, ಎರಡು ಎಮ್ಮೆ ಇರುವ ಮನೆ, ಇನ್ನಾದರೂ ಮಗಳು ತುಂಬಿಕೊಳ್ಳುತ್ತಾಳೆ ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಎಮ್ಮೆಗಳು ತುಂಬಿಕೊಂಡವು.

ಅಕ್ಕ ಬಸುರಾದಳು. ನಮ್ಮ ಕಡೆ ಬಸುರಿಗೆ ತವರಿನವರು ಏಳನೆಯ ತಿಂಗಳಲ್ಲಿ ಊರಿಗೆಲ್ಲ ಹೇಳಿ ಕುಬಸ ಮಾಡುತ್ತಾರೆ; ಹಸಿರು ಸೀರೆ, ಹೊಸ ಕುಬಸ, ಬಳೆ, ಊಟ. ಅದಕ್ಕಿಂತ ಮೊದಲು, ಗದ್ದಲವಿಲ್ಲದೆ ಒಂದು ಸೀರೆ, ಒಂದು ಕುಬಸ, ಒಂದಿಷ್ಟು ಬುತ್ತಿ ತಲುಪಿಸುವುದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಐದನೆಯ ತಿಂಗಳಲ್ಲಿ ಅವ್ವ ಆ ಕಳ್ಳತನಕ್ಕೆ ನನ್ನನ್ನು ಆರಿಸಿದಳು. ‘ನಿನ್ನ ಮಾರಿ ನೋಡಿದ್ರ ಯಾರಿಗೂ ಅನುಮಾನ ಬರೂದಿಲ್ಲ, ಹುಟ್ಟಾ ಕಳ್ಳನಂಗ ಅದಿ’ ಎಂದು ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಕಟ್ಟಿಕೊಟ್ಟಳು.

ನಾನು ಹೋದಾಗ ಊಟದ ಹೊತ್ತು. ಅಕ್ಕನ ತಾಟಿನಲ್ಲಿ ಒಂದು ರೊಟ್ಟಿ. ಅದೂ ಚಂದ್ರನನ್ನು ಯಾರೋ ಕಚ್ಚಿದ ಹಾಗೆ ಒಂದು ಕಡೆ ಮುರಿದದ್ದು. ನಾನು ಬುತ್ತಿಯಿಂದ ಹೋಳಿಗೆ ತೆಗೆದು ಅವಳ ತಾಟಿಗೆ ಹಾಕಿದೆ. ಅತ್ತೆ ಅದನ್ನು ಎತ್ತಿ ನನ್ನ ತಾಟಿಗೆ ಹಾಕಿದಳು.

‘ಯಾಕ್ರಿ ಅತ್ತಿ, ಅಕ್ಕಗ ಬ್ಯಾಡೇನು?’

‘ಲೇ ತಮ್ಮಾ, ಹೊಟ್ಟ್ಯಾಗ ಜಾಗಾ ಎಷ್ಟಿರ್ತದ? ರೊಟ್ಟಿ, ಹೋಳಿಗಿ ಎಲ್ಲಾ ಬಂದು ಕುಂತ್ರ ಕೂಸು ಎಲ್ಲಿ ಕುಂದರಬೇಕು?’ ನಿಲುಗಡೆ. ‘ಹಿಂದಿನ ಓಣಿ ಸೊಸಿ ಉಂಡಳು, ಉಂಡಳು, ಕೂಸು ಕುಂಬಳಕಾಯಿ ಆತು. ಹೊಟ್ಟಿ ಕೊಯ್ದ್ರು. ನನ್ನ ಸೊಸಿ ಹೊಟ್ಟಿಗಿ ಕತ್ತರಿ ತಾಗಬಾರದು. ಸಣ್ಣ ಕೂಸು ಸಳ್ಳಂತ ಬರ್ತದ.’

ಮಾಮಾ ತನ್ನ ನಾಲ್ಕನೆಯ ರೊಟ್ಟಿ ಮುರಿಯುತ್ತ ತಲೆ ಅಲ್ಲಾಡಿಸಿದ. ಅವನ ಹೊಟ್ಟೆಯಲ್ಲಿ ಜಾಗದ ತಕರಾರು ಇರಲಿಲ್ಲ.

ತಿಂಗಳಿಗೊಮ್ಮೆ ಊರಿನ ಆಸ್ಪತ್ರೆಯಲ್ಲಿ ಬಸುರಿಯರ ತೂಕ ನೋಡುತ್ತಾರೆ. ಅಲ್ಲಿಯ ಸಿಸ್ಟರು ಅಕ್ಕನಿಗೆ ಬಯ್ದಿದ್ದಳಂತೆ: ಮೊದಲೇ ಕಡ್ಡಿ ಇದ್ದೀಯ, ಬಸುರಿನಲ್ಲಿ ತಿಂಗಳು ತಿಂಗಳಿಗೆ ತೂಕ ಏರಬೇಕು, ಏರದಿದ್ದರೆ ಕೂಸು ಸಣ್ಣದಾಗಿ ಹುಟ್ಟುತ್ತದೆ, ಉಸಿರಾಡಲು, ಹಾಲು ಚೀಪಲು ಅದಕ್ಕೆ ಶಕ್ತಿ ಇರುವುದಿಲ್ಲ. ಅಕ್ಕ ಇದನ್ನು ನನಗೆ ಹಿತ್ತಲಿನಲ್ಲಿ, ಎಮ್ಮೆಯ ಮರೆಯಲ್ಲಿ ನಿಂತು ಹೇಳಿದಳು. ಹೇಳುತ್ತಲೇ ನನ್ನ ಕಿಸೆಯಲ್ಲಿದ್ದ ಹೋಳಿಗೆಯನ್ನು ಎರಡು ತುತ್ತಿನಲ್ಲಿ ನುಂಗಿದಳು. ಕೂಸು ಒದೆಯುವುದು ಇನ್ನೂ ಸರಿಯಾಗಿ ತಿಳಿಯುತ್ತಿಲ್ಲ ಎಂದೂ ಹೇಳಿದಳು. ನಾನು ಏನೋ ನಗೆಚಾಟಿಕೆ ಹಾರಿಸಿದೆ. ಅವಳು ನಗಲಿಲ್ಲ. ಎಮ್ಮೆಯೂ ನಗಲಿಲ್ಲ.

ಮುಂದಿನ ತಿಂಗಳು ಅತ್ತೆಯೇ ಅವ್ವನಿಗೆ ಫೋನು ಮಾಡಿದಳು. ‘ಬೀಗತೀ, ನಿಮ್ಮ ಮಗಳ ತೂಕ ಏರ್ಯದ ನೋಡ್ರಿ. ಸಿಸ್ಟರು ಖುಷ್. ನಾವು ಉಪಾಸ ಹಾಕ್ತೀವಂತ ನಿಮ್ಮ ಮಗ ಊರೂರು ಸಾರಿಕೋಂತ ತಿರಗತಾನಂತಲ್ಲ, ಅವಗ ಹೇಳ್ರಿ.’ ಅವ್ವ ಫೋನಿಟ್ಟು ನನ್ನ ತಲೆಗೆ ಒಂದು ಬಾರಿಸಿದಳು. ‘ಸುಳ್ಳಬುರಕ, ಬೀಗರ ಮುಂದ ನನ್ನ ಮೂಗು ಕೊಯ್ದಿ.’

ತೂಕ ಏರಿತು ಎಂದ ಮೇಲೆ ಅವ್ವನ ಉತ್ಸಾಹಕ್ಕೆ ಕಡಿವಾಣವಿರಲಿಲ್ಲ. ಆಳಂದದ ಟೇಲರ್ ಚಾಚಾನ ಹತ್ತಿರ ಅಕ್ಕನ ಮದುವೆಯ ಅಳತೆ ಇತ್ತು. ಅವ್ವ ಹಸಿರು ಬಟ್ಟೆ ಅವನ ಮುಂದೆ ಎಸೆದು, ‘ಢೀಲಾ ಹೊಲಿರಿ, ಮಗಳು ಈಗ ಮೈ ತುಂಬ್ಯಾಳ’ ಎಂದಳು.

‘ಏಳನೇ ತಿಂಗಳಂದ್ರ ಎರಡು ಬಟ್ಟು ಜಾಸ್ತಿ ಇಡ್ತೇನ್ರಿ ಅಮ್ಮಾ. ಬರಾಬರ್ ಕುಂದರ್ತದ.’

‘ಮೂರಿಡ್ರಿ.’

ಕುಬಸದ ದಿನ ಕರಜಗಿಯ ಮನೆಯ ತುಂಬ ಹೆಂಗಸರು. ಅಕ್ಕನನ್ನು ಒಳಗೆ ಕರೆದೊಯ್ದು ಕುಬಸ ತೊಡಿಸಿದರು. ಹೊರಗೆ ಬಂದಳು. ತೋಳು ಎರಡೂ ಗಾಳಿಗೆ ಬಾವುಟದಂತೆ ಆಡುತ್ತಿದ್ದವು. ಹೆಗಲು ಒಂದು ಕಡೆ ಜಾರಿತ್ತು. ಹೊಟ್ಟೆಯೊಂದು ಮುಂದೆ ಬಂದಿತ್ತು ಅಷ್ಟೆ. ಉಳಿದದ್ದೆಲ್ಲ ಹಿಂದೆ ಹೋಗಿತ್ತು. ಹೆಂಗಸರು ಮುಖ ಮುಖ ನೋಡಿಕೊಂಡರು. ಅವ್ವ ತನ್ನ ತಾಳಿಯಲ್ಲಿದ್ದ ಪಿನ್ನುಗಳನ್ನೆಲ್ಲ ಕಿತ್ತು ಮಗಳ ಬೆನ್ನಿಗೆ ಚುಚ್ಚುತ್ತ ಹೋದಳು.

‘ಬೀಗತೀ, ತೂಕ ಏರ್ಯದ ಅಂದ್ರೆಲ್ಲ?’

‘ಏರ್ಯದ, ಮತ್ತ?’

‘ಎಲ್ಲಿ ಏರ್ಯದ? ತೋರಸ್ರಿ. ನಂಗ ಬರೇ ಎಲುಬು ಕಾಣಾಕತ್ಯಾವ.’

‘ನಿಮ್ಮ ಟೇಲರ್ ದನದ ಅಳತಿಗಿ ಹೊಲದಾನ. ನನ್ನ ಸೊಸಿ ಏನ್ ಮಾಡಬೇಕು?’

ಆಗ ಅವ್ವನಿಗೆ ಇನ್ನೊಂದು ನೆನಪಾಯಿತು. ಮದುವೆಯಲ್ಲಿ ನಾವು ಕೊಟ್ಟ ಬೆಳ್ಳಿಯ ಡಾಬು. ಕುಬಸದ ದಿನ ಆರತಿಗೆ ಕೂಡುವಾಗ ಬಸುರಿಯ ಸೊಂಟಕ್ಕೆ ಅದನ್ನು ಕಟ್ಟಬೇಕು. ಇದು ಹಗುರ ಸಾಮಾನಲ್ಲ. ನಮ್ಮ ಅಜ್ಜಿಯ ಕಾಲದ್ದು, ಕಟ್ಟಿಕೊಂಡವಳು ನಡೆದರೆ ನೆಲಕ್ಕೆ ಗೊತ್ತಾಗಬೇಕು. ‘ಡಾಬು ಎಲ್ಲಿ?’ ಎಂದಳು. ಅಕ್ಕ ನೆಲ ನೋಡಿದಳು. ಒಬ್ಬ ಮುದುಕಿ, ಬಾಯಲ್ಲಿ ಹಲ್ಲಿಲ್ಲ, ಗುಟ್ಟು ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ, ನಗುತ್ತ ಹೇಳಿಬಿಟ್ಟಳು: ‘ಡಾಬು ಈಗ ಬರೇ ಆಸ್ಪತ್ರಿಗಿ ಕಟ್ತಾರವ್ವಾ, ಸೀರಿ ಒಳಗ. ಕಾಟಾದ ಮ್ಯಾಲೆ ನಿಂದ್ರೂ ಮುಂದ.’

ಕಾಟಾ ಎಂದರೆ ಕಬ್ಬಿನ ಗಾಡಿಯನ್ನು ತೂಗುವ ದೊಡ್ಡ ತೂಕದಕಟ್ಟೆ. ಕರಜಗಿಯಲ್ಲಿ ತೂಗುವುದೆಲ್ಲಕ್ಕೂ ಅದೇ ಹೆಸರು.

ಅತ್ತೆ ಒಂದಿಷ್ಟೂ ನಾಚಲಿಲ್ಲ. ‘ಹೌದು, ಕಟ್ತೀವಿ. ಸಿಸ್ಟರು ದಿನಾ ಒದರಿ ಒದರಿ ನನ್ನ ಕಿವಿ ತೂತು ಮಾಡಿದ್ಲು. ಕಾಟಾದ ಮ್ಯಾಲೆ ಕಬ್ಬಿನ ಗಾಡಿ ನಿಂತಾಗ ಕಬ್ಬಿಗಿ ಹತ್ತಿದ ಮಣ್ಣು ಝಾಡಿಸಿ ತೂಗ್ತಾರೇನು? ಬೆಳ್ಳಿ ಆಕಿದು, ಮೈ ಆಕಿದು, ತೂಕಾನೂ ಆಕಿದೇ. ಇದರಾಗ ಸುಳ್ಳೇನದ?’ ನಿಲುಗಡೆ.

ಆ ನಿಲುಗಡೆಯಲ್ಲಿ ನನ್ನ ತಪ್ಪನ್ನು ಯೋಚಿಸುವ ಬದಲು ನಾನು ಆಕೆಯ ದನಿಯಲ್ಲೇ ಮುಂದುವರಿಸಿದೆ: ‘ನಾಳೆ ಕೂಸಿನ ಬದಲಿ ಡಾಬು ಹಡೀತಾಳ, ಸಳ್ಳಂತ ಬರ್ತದ.’

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅತ್ತೆ ನಗಲಿಲ್ಲ. ‘ಮಂಗ್ಯಾನ್ನ ಕರಕೊಂಡು ಬಂದೀರಿ ಕುಬಸಕ್ಕ’ ಎಂದಳು ಅವ್ವನಿಗೆ. ಅವ್ವ ಮಗಳನ್ನು ಇಂದೇ ನರೋಣಾಕ್ಕೆ ಕರೆದೊಯ್ಯುತ್ತೇನೆ ಎಂದಳು. ಅತ್ತೆ, ಮಂಗ್ಯಾ ಇರುವ ಮನೆಗೆ ಸೊಸೆಯನ್ನು ಕಳಿಸುವುದಿಲ್ಲ, ಒಂಬತ್ತು ತುಂಬಿದ ಮೇಲೆ ನೋಡೋಣ ಎಂದಳು. ಅವ್ವ ಮಾಮಾನ ಕಡೆ ತಿರುಗಿದಳು. ಮಾಮಾ ಪಂಕಾ ಸರಿಯಾಗಿ ತಿರುಗುತ್ತಿದೆಯೇ ಎಂದು ನೋಡಿದ. ಕಡೆಗೆ, ‘ನಮ್ಮವ್ವ ಹೇಳಿದಂಗ್ರಿ’ ಎಂದ. ತಂದ ಹೋಳಿಗೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದೆವು. ಅದನ್ನು ಯಾರು ತಿಂದಿರುತ್ತಾರೆ ಎಂಬ ಯೋಚನೆ ಬಸ್ಸಿನಲ್ಲಿ ಅವ್ವನನ್ನು ಆಳಂದದವರೆಗೂ ಅಳಿಸಿತು.

ಮುಂದಿನ ತೂಕದ ದಿನ ನನಗೆ ಅಫಜಲಪುರದ ಕಡೆ ಪಾತ್ರೆ ಸೇಲಿನ ಪ್ರಚಾರವಿತ್ತು. ಕರಜಗಿ ದಾರಿಯಲ್ಲಿರಲಿಲ್ಲ. ‘ಕರಜಗಿಗಿ ಹೊಡಿ’ ಎಂದೆ ದೋಸ್ತನಿಗೆ.

‘ಕ್ಯಾ ಬಾತ್ ಹೈ ಭಾಯ್, ಅಲ್ಲಿ ಪಾತ್ರಿ ಯಾರು ತಗೋತಾರ?’

‘ಪಾತ್ರಿ ಅಲ್ಲ, ಇವತ್ತ ಡಾಬು ಮಾರೂದು.’

ಅಕ್ಕನ ಮನೆಯ ಮುಂದೆ ಆಟೋ ನಿಧಾನ ಮಾಡಿಸಿದೆ. ಆಸ್ಪತ್ರೆ ಅಲ್ಲಿಂದ ಕೂಗಳತೆ. ಮೈಕಿಗೆ ಕೂಗಳತೆ ಎಂದರೆ ಪಕ್ಕದ ಕೋಣೆ. ಮೂಗು ಅರ್ಧ ಮುಚ್ಚಿ, ತಂಬಾಕಿಲ್ಲದ ಕೆನ್ನೆಯಲ್ಲಿ ತಂಬಾಕು ಇಟ್ಟುಕೊಂಡು ಶುರು ಮಾಡಿದೆ:

‘ಕೇಳ್ರೆವ್ವಾ ಕೇಳ್ರಿ! ಬಸರಿ ಸೊಸಿ ಇದ್ದ ಮನಿಯವರೆಲ್ಲಾ ಕೇಳ್ರಿ! ಸೊಸೀಗಿ ರೊಟ್ಟಿ ಹಾಕಬ್ಯಾಡ್ರಿ, ಹೊಟ್ಟ್ಯಾಗ ಜಾಗಾ ಇಲ್ಲ! ಆಸ್ಪತ್ರಿ ಕಾಟಾಕ್ಕ ಹೋಗೂ ಮುಂದ ಸೀರಿ ಒಳಗ ಬೆಳ್ಳಿ ಡಾಬು ಕಟ್ರಿ! ಕೂಸು ಒಳಗ ಉಪಾಸ, ಸೊಸಿ ಹೊರಗ ಭಾರ! ನಮ್ಮ ಮನ್ಯಾಗ ನಡದದ, ನಿಮ್ಮ ಮನ್ಯಾಗೂ ನಡೀತದ!’ ನಿಲುಗಡೆ.

ಊರಿಗೆ ಯಾರ ದನಿ ಎಂದು ಹೇಳಬೇಕಾಗಲಿಲ್ಲ. ಕಟ್ಟೆಯ ಮೇಲಿದ್ದ ಗಂಡಸರು ಉರುಳಿ ನಕ್ಕರು. ಅತ್ತೆ ಕಸಬರಿಗೆ ಹಿಡಿದು ಹೊರಗೆ ಬಂದವಳು, ತನ್ನದೇ ದನಿ ಎದುರಿನಿಂದ ಬರುತ್ತಿರುವುದನ್ನು ಕೇಳಿ ಒಂದು ಕ್ಷಣ ತನ್ನ ಬಾಯಿ ಮುಟ್ಟಿ ನೋಡಿಕೊಂಡಳು. ಆಮೇಲೆ ಓಡಿ ಬಂದಳು. ದೋಸ್ತ ‘ಯಾ ಅಲ್ಲಾ’ ಎಂದು ಆಟೋವನ್ನು ಆಸ್ಪತ್ರೆಯ ಕಡೆಗೇ ಓಡಿಸಿದ. ಹಿಂದೆ ಕಸಬರಿಗೆ, ಅದರ ಹಿಂದೆ ಊರು, ಊರಿನ ಹಿಂದೆ ಕಬ್ಬಿನ ಹೊಲದಿಂದ ಕೆಸರುಗಾಲಲ್ಲಿ ಬಂದ ಮಾಮಾ.

ಸಿಸ್ಟರು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಸಾಲಿನಲ್ಲಿದ್ದ ಅಕ್ಕನನ್ನು ನೋಡಿ ಕೈ ಚಾಚಿದಳು.

‘ತಗಿ.’

ಅಕ್ಕ ಪರದೆಯ ಹಿಂದೆ ಹೋಗಿ ಬಂದು ಡಾಬನ್ನು ಮೇಜಿನ ಮೇಲಿಟ್ಟಳು. ಠಣ್ ಎಂದಿತು.

‘ಕಾಲ್ಗಡಗ?’

ಅವೂ ಬಂದವು. ಬೆಳ್ಳಿ ಕಳಚಿದ ಅಕ್ಕ ತೂಕದ ಮಷೀನಿನ ಮೇಲೆ ನಿಂತಳು. ಮುಳ್ಳು ಏಳಲಾರದೆ ಎದ್ದು, ಐದನೆಯ ತಿಂಗಳಲ್ಲಿ ಎಲ್ಲಿತ್ತೋ ಅದಕ್ಕಿಂತ ಹಿಂದೆ ನಿಂತಿತು. ನಗುತ್ತ ಬಂದಿದ್ದ ಊರು ನಗು ಬಿಟ್ಟು ಮುಳ್ಳನ್ನೇ ನೋಡಿತು. ನಾನೂ. ಮೈಕಿನಲ್ಲಿ ಹೇಳುವಾಗ ಅದೊಂದು ನಗೆಚಾಟಿಕೆಯಾಗಿತ್ತು. ಮುಳ್ಳಿಗೆ ನಗೆಚಾಟಿಕೆ ತಿಳಿಯುವುದಿಲ್ಲ.

‘ಇಷ್ಟು ದಿನ ನಾ ಬೆಳ್ಳೀಗಿ ಶಭಾಶ್ ಅಂದೆನಲ್ಲ’ ಎಂದಳು ಸಿಸ್ಟರು. ಆಮೇಲೆ ಅತ್ತೆಯ ಕಡೆ ತಿರುಗಿದಳು. ‘ಯಜಮಾನ್ತಿ, ಕೂಸು ಕುಂದರೂ ಚೀಲ ಬ್ಯಾರೆ, ರೊಟ್ಟಿ ಹೋಗೂ ಚೀಲ ಬ್ಯಾರೆ. ಒಂದಕ್ಕೊಂದು ಜಾಗಾ ಕಸಗೊಳ್ಳೂದಿಲ್ಲ. ತಾಯಿ ತೂಕ ಇಳದ್ರ ಕೂಸು ಒಳಗ ತಾಯಿ ಎಲುಬು ತಿಂತದ. ಸಣ್ಣ ಕೂಸು ಸಳ್ಳಂತ ಬರಬಹುದು. ಬಂದ ಮ್ಯಾಲೆ ಉಳೀತದಂತ ನೀವು ಬರಕೊಡ್ತೀರೇನು?’

ಮಾಮಾ ಮೇಜಿನ ಮೇಲಿದ್ದ ಡಾಬನ್ನು ಎತ್ತಿ ಕೈಯಲ್ಲಿ ತೂಗಿದ. ಅವನಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಪಂಕಾ ನೋಡಿದ್ದನೋ, ನನಗೆ ಇಂದಿಗೂ ಅನುಮಾನವಿದೆ. ‘ಇಷ್ಟು ಭಾರ ಅದನವ್ವಾ ಇದು?’ ಎಂದ. ಅದೇ ಅವನು ತಾಯಿಗೆ ಎದುರಾಡಿದ ಮೊದಲ ಮಾತು. ಅದಕ್ಕಿಂತ ಹೆಚ್ಚಿನದು ಅವನಿಂದ ಆಗಲಿಲ್ಲ, ಆದರೆ ಆಕೆಗೆ ಅಷ್ಟೇ ಸಾಕಾಯಿತು.

‘ಒಯ್ರಿ!’ ಎಂದು ಕಸಬರಿಗೆ ನೆಲಕ್ಕೆ ಬಡಿದಳು. ‘ಮಂಗ್ಯಾ, ಒಯ್ಯೋ ನಿಮ್ಮ ಅಕ್ಕನ್ನ. ಒಯ್ದು ಆನೀ ಮಾಡ್ರಿ. ನಾಳೆ ಹೊಟ್ಟಿ ಕೊಯ್ದಾಗ ನನ್ನ ಕರೀಬ್ಯಾಡ್ರಿ.’

ಹೀಗೆ ನನ್ನ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟದ್ದು ಪಾತ್ರೆ ಸೇಲಿನ ಬ್ಯಾನರು ಕಟ್ಟಿದ ಆಟೋದಲ್ಲಿ. ಊರು ದಾಟುವವರೆಗೆ ಮುಖ ಮುಚ್ಚಿಕೊಂಡಿದ್ದಳು. ಊರು ದಾಟಿದ ಮೇಲೆ ನನ್ನ ಕೆನ್ನೆಗೆ ಒಂದು ಕೊಟ್ಟಳು.

‘ಊರ ಮುಂದ ನನ್ನ ಮಾನ ಹರಾಜ ಹಾಕಿದಿ.’

‘ನಾ ನಿಮ್ಮ ಅತ್ತಿ ದನಿ ತಗದೆ, ನಿಂದಲ್ಲ.’

‘ಹೊಟ್ಟಿ ನಂದದ ಲೇ!’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ಆಟೋದ ಸದ್ದಿನಲ್ಲಿ ಕಷ್ಟಪಟ್ಟು ಕೇಳುವ ಹಾಗೆ: ‘ಒಂದ್ ಕಡೆ ಸಿಸ್ಟರು ಒದರ್ತಿದ್ಲು, ಒಂದ್ ಕಡೆ ಅತ್ತಿ. ಡಾಬು ಕಟ್ಟಿದ್ರ ಇಬ್ರೂ ಗಪ್. ನಾ ಏನ್ ಮಾಡ್ಬೇಕಿತ್ತು? ಹಸದದ್ದು ನಾ ಒಬ್ಬಾಕೀನೇ ಅಂತ ತಿಳಕೊಂಡಿದ್ದೆ.’

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಒಗ್ಗರಣೆಯ ಸುಸಲಾ ತಂದುಕೊಟ್ಟೆ. ಒಂದು ತಟ್ಟೆ ಮುಗಿಸಿದಳು. ನಾನು ಮೂಗು ಹಿಡಿದು, ‘ಹೊಟ್ಟ್ಯಾಗ ಜಾಗಾ ಎಷ್ಟಿರ್ತದ...’ ಎಂದು ಶುರು ಮಾಡಿದೆ.

‘ಬಾಯಿ ಮುಚ್ಚು. ಇನ್ನೊಂದ್ ಪ್ಲೇಟ್ ತಗೊಂಡ್ ಬಾ.’

ನರೋಣಾದಲ್ಲಿ ಬೇರೆ ಯುದ್ಧ ಶುರುವಾಯಿತು. ಅವ್ವ ಬೀಗತಿಯ ಮೇಲಿನ ಸಿಟ್ಟನ್ನೆಲ್ಲ ತುಪ್ಪ ಮಾಡಿ ಮಗಳಿಗೆ ಉಣಿಸತೊಡಗಿದಳು. ಬೆಳಿಗ್ಗೆ ಬೆಲ್ಲದ ಮಾದಲಿ, ಮಧ್ಯಾಹ್ನ ಹೋಳಿಗೆ, ಸಂಜೆಗೆ ಉಂಡೆ. ‘ಇಬ್ಬರದು ಉಣ್ಣಬೇಕು, ಇಬ್ಬರದು’ ಎಂದು ಬೆನ್ನು ಹತ್ತುವಳು. ಅಕ್ಕ ಉಣ್ಣಲಾರೆ ಎಂದರೆ ಕರಜಗಿಯ ಶನಿ ಇನ್ನೂ ಹೊಟ್ಟೆಯೊಳಗೆ ಕೂತಿದೆ ಎನ್ನುವಳು. ಆಳಂದದ ಲೇಡಿ ಡಾಕ್ಟರು ತೂಕ ನೋಡಿ, ಕಾಲಿನ ಬಾವು ಒತ್ತಿ ನೋಡಿ, ಬಿಪಿ ನೋಡಿ, ಕಡೆಗೆ ಅವ್ವನನ್ನು ನೋಡಿದಳು.

‘ಅಮ್ಮಾ, ಇದು ಬಸರಿನೋ, ಸಂತಿಗಿ ಎಮ್ಮಿ ಮೇಸಾಕತ್ತೀರೋ? ಅಲ್ಲಿ ಕಡಿಮಿ ಆತಂತ ಇಲ್ಲಿ ಒಮ್ಮಿಲೇ ತುರುಕಬ್ಯಾಡ್ರಿ. ಸಾವಕಾಶ ಏರಬೇಕು. ಬ್ಯಾಳಿ, ಪಲ್ಲೆ, ಮೊಳಕಿ ಕಾಳು, ಹಾಲು, ಹೊಟ್ಟಿ ತುಂಬ ರೊಟ್ಟಿ. ಸಿಹಿ ನೀವು ತಿನ್ರಿ.’

ಅವ್ವ ಬಾಗಿಲು ದಾಟುತ್ತಲೇ, ‘ಈಕಿನೂ ಕರಜಗಿಯಾಕೀನೇ ಇರಬೇಕು’ ಎಂದಳು. ಆದರೆ ಉಂಡೆಯ ಡಬ್ಬಿ ನನ್ನ ಕಡೆಗೆ ಬಂತು. ನನ್ನ ಮೈಗೆ ಅದೂ ಹತ್ತಲಿಲ್ಲ.

ಹಸಿರು ಕುಬಸದ ಬೆನ್ನಿನ ಪಿನ್ನುಗಳು ಒಂದೊಂದಾಗಿ ಅವ್ವನ ತಾಳಿಗೆ ವಾಪಸು ಬಂದವು. ತೋಳು ತೋಳಿನಂತಾಯಿತು. ಕೂಸು ಅಕ್ಕನ ಮಡಿಲಲ್ಲಿಟ್ಟ ತಾಟನ್ನು ಒದ್ದು ಅಲ್ಲಾಡಿಸಿದ ದಿನ, ಅವಳು ಓಣಿಗೆಲ್ಲ ಕೇಳುವ ಹಾಗೆ ನನ್ನನ್ನು ಕರೆದು ತೋರಿಸಿದಳು.

ಹೆಣ್ಣು ಕೂಸು ಹುಟ್ಟಿತು, ಕತ್ತರಿ ತಾಗದೆ, ದುಂಡಗೆ, ಕಿರುಚಿಕೊಳ್ಳುತ್ತ. ಆ ಕಿರುಚಾಟ ಕೇಳಿ ಡಾಕ್ಟರು ನನ್ನ ಕಡೆ ನೋಡಿ, ಸೋದರಮಾವನ ಗಂಟಲು ಬಂದಿದೆ ಎಂದಳು.

ಕರೆಯಬೇಡಿ ಎಂದಿದ್ದ ಅತ್ತೆ, ಕೂಸಿಗೆ ಒಂದೂವರೆ ತಿಂಗಳಾದಾಗ ಕರೆಯದೆಯೇ ಬಂದಳು. ಕೂಸನ್ನು ಎತ್ತಿಕೊಂಡು, ಕೆನ್ನೆ ಹಿಂಡಿ, ಅವ್ವನ ಮುಂದೆಯೇ ಹೇಳಿದಳು: ‘ಮೊದಲ ಏಳು ತಿಂಗಳು ನಾ ಹಿಡದು ಉಣಿಸಿದ್ದಕ್ಕ ನೋಡ್ರಿ, ಸರಳ ಆತು.’ ಅವ್ವ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಆಕೆಗೆ ಕೊಡದೆ ತಾನೇ ಕುಡಿದಳು.

ಅತ್ತೆ ಕೂಸಿಗೆ ಬೆಳ್ಳಿಯ ಉಡದಾರ ತಂದಿದ್ದಳು. ದಪ್ಪನೆಯದು, ಮೂರು ಗೆಜ್ಜೆಯದು. ತಾನೇ ಸೊಂಟಕ್ಕೆ ಕಟ್ಟಿದಳು. ಮರುದಿನ ಸೂಜಿ ಹಾಕಿಸಲು ಕೂಸನ್ನು ಒಯ್ಯಬೇಕಿತ್ತು. ಎಲ್ಲರೂ ಹೋದೆವು, ಇಬ್ಬರು ಬೀಗತಿಯರು ಆಸ್ಪತ್ರೆಯ ಬೆಂಚಿನ ಎರಡು ತುದಿಗೆ ಕೂತು, ನಡುವೆ ನನ್ನನ್ನು ಬೇಲಿಯಂತೆ ಕೂಡಿಸಿದರು. ಸೂಜಿಗೆ ಮೊದಲು ತೂಕ. ಅಲ್ಲಿಯ ನರ್ಸು ಕೂಸನ್ನು ತಕ್ಕಡಿಯ ತೊಟ್ಟಿಲಿಗೆ ಹಾಕಲು ಕೈ ಚಾಚಿದಳು.

ಅಕ್ಕ ಕೂಸನ್ನು ಕೊಡಲಿಲ್ಲ. ಏಳು ತಿಂಗಳು ಆ ಮನೆಯಲ್ಲಿ ತನ್ನ ತಾಟಿನ ಕಡೆ ನೋಡುತ್ತ ಕೂತವಳು, ತಲೆ ಎತ್ತಿ ಅತ್ತೆಯ ಮುಖವನ್ನೇ ನೋಡಿದಳು.

‘ಅತ್ತಿ, ಉಡದಾರ ಬಿಚ್ರಿ.’

‘ಇಷ್ಟ ಸಣ್ಣದರಾಗ ಏನ್ ಭಾರ ಆಗ್ತದ ಬೇ?’

‘ಬಿಚ್ರಿ.’

ಅತ್ತೆ ಎದ್ದು ಬಂದು ಬಿಚ್ಚಿದಳು. ಗೆಜ್ಜೆ ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡಳು. ಕೂಸು ಬರಿಮೈಯಲ್ಲಿ ತಕ್ಕಡಿಯೊಳಗೆ ಕಾಲು ಬಡಿಯಿತು. ನರ್ಸು ತೂಕ ಹೇಳಿದಳು. ಹುಟ್ಟಿದಾಗ ಇದ್ದದ್ದಕ್ಕಿಂತ ಚೆನ್ನಾಗಿಯೇ ಏರಿತ್ತು. ಅಕ್ಕ ಅದನ್ನು ಇನ್ನೊಮ್ಮೆ ಕೇಳಿ ಹೇಳಿಸಿಕೊಂಡಳು, ಬೆಂಚಿನ ತುದಿಯವರೆಗೂ ಕೇಳಲಿ ಎಂದು.

ಅತ್ತೆ ನನ್ನ ಕಡೆ ತಿರುಗಿದಳು. ತಂಬಾಕು ಈ ಕೆನ್ನೆಯಿಂದ ಆ ಕೆನ್ನೆಗೆ ಹೋಯಿತು.

‘ಏನ್ ಮಾರಿ ನೋಡ್ತಿ ಮಂಗ್ಯಾ? ಹೋಗು, ಇದನ್ನೂ ಮೈಕಿನ್ಯಾಗ ಒದರು.’